ಕೀತ್ ಲ್ಯೂಕಸ್‌ನ ನೆಲಮಾಳಿಗೆ

ಪ್ಯಾಟ್ ಬಾರ್ಕರ್ ಅವರ ‘ರೀಜನರೇಷನ್’ ಕಾದಂಬರಿ ಪ್ರಕಟವಾದದ್ದು 1991ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಮನಸ್ಸು ಘಾಸಿಗೊಂಡ ಸೈನಿಕರನ್ನೂ ಅವರಿಗೆ ಚಿಕಿತ್ಸೆ ನೀಡಿದ ವೈದ್ಯರನ್ನೂ ಕುರಿತ ಕೃತಿ ಅದು. ಇಂಗ್ಲಿಷ್ ಸಾಹಿತ್ಯ ಓದಿದ ನನ್ನಂಥವರು ಅದನ್ನು ಕೈಗೆತ್ತಿಕೊಳ್ಳುವುದು ಸಿಗ್‌ಫ್ರೀಡ್ ಸಸೂನ್ ಮತ್ತು ವಿಲ್ಫ್ರೆಡ್ ಓವೆನ್ ಎಂಬ ಇಬ್ಬರು ಕವಿಗಳಿಗಾಗಿ. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಕೂರುವುದು ಬೇರೊಂದು ದೃಶ್ಯ. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯ ಕೋಣೆಯೊಂದರಲ್ಲಿ ಲೂಯಿಸ್ ಯೆಲ್ಯಾಂಡ್ ಎಂಬ ವೈದ್ಯ, ಮಾತು ನಿಂತುಹೋದ ಸೈನಿಕನೊಬ್ಬನ ಗಂಟಲಿಗೆ ಮತ್ತೆ ಮತ್ತೆ ವಿದ್ಯುತ್ತನ್ನು ಹಾಯಿಸುತ್ತಾನೆ. ಬಾಗಿಲಿಗೆ ಬೀಗ. ಮಾತನಾಡಿದರೆ ಮಾತ್ರ ಬಿಡುಗಡೆ.

ಯೆಲ್ಯಾಂಡ್ ಕಾದಂಬರಿಕಾರ್ತಿಯ ಕಲ್ಪನೆಯಲ್ಲ. 1917ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಯುದ್ಧಜನ್ಯ ನರರೋಗಗಳ ಚಿಕಿತ್ಸೆಯನ್ನು ಕುರಿತು ಅವನ ಲೇಖನವೊಂದು ಪ್ರಕಟವಾಗಿದೆ. ಆ ಲೇಖನಕ್ಕೆ ಇಬ್ಬರು ಲೇಖಕರು. ಮೊದಲ ಹೆಸರು ಇ. ಡಿ. ಏಡ್ರಿಯನ್. ಹದಿನೈದು ವರ್ಷಗಳ ನಂತರ, 1932ರಲ್ಲಿ, ನರಕೋಶಗಳ ಕಾರ್ಯವನ್ನು ಕುರಿತ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಏಡ್ರಿಯನ್ ಅವನೇ. ಈ ಎರಡು ಹೆಸರುಗಳು ಒಬ್ಬನವೇ ಎಂದು ತಿಳಿದ ದಿನ ನನಗೆ ತುಸು ಕಸಿವಿಸಿಯಾಯಿತು. ನರದೊಳಗೆ ಹರಿಯುವ ವಿದ್ಯುತ್ತಿನ ಬಗ್ಗೆ ಇಂಗ್ಲೆಂಡಿನಲ್ಲಿ ಬಹುಶಃ ಬೇರೆ ಯಾವ ತರುಣ ವೈದ್ಯನಿಗೂ ಇಲ್ಲದಷ್ಟು ತಿಳಿವಳಿಕೆ ಇವನಿಗಿತ್ತು. ಆ ತಿಳಿವಳಿಕೆಯನ್ನು ಅವನು ಪಡೆದದ್ದು ಎಲ್ಲಿ, ಯಾರಿಂದ ಎಂದು ಹುಡುಕಿ ಹೊರಟರೆ ತಲುಪುವುದು ಕೇಂಬ್ರಿಜ್ ವಿಶ್ವವಿದ್ಯಾಲಯದ ಒಂದು ನೆಲಮಾಳಿಗೆಗೆ ಮತ್ತು ಮೂವತ್ತೇಳನೆಯ ವಯಸ್ಸಿನಲ್ಲಿ ಆಕಾಶದಲ್ಲಿ ಸತ್ತ ಒಬ್ಬ ಗುರುವಿನ ಬಳಿಗೆ.

ಆ ನೆಲಮಾಳಿಗೆಗೂ ಒಂದು ಪೂರ್ವಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಶರೀರಕ್ರಿಯಾವಿಜ್ಞಾನ ಅಂಗರಚನಾಶಾಸ್ತ್ರದ ಬಾಲದಂತಿತ್ತು. ಪ್ರಯೋಗಗಳೆಲ್ಲ ನಡೆಯುತ್ತಿದ್ದದ್ದು ಜರ್ಮನಿಯಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಶಾರ್ಪೆ ದೊಡ್ಡ ವಿದ್ವಾಂಸ, ಒಳ್ಳೆಯ ಮೇಷ್ಟ್ರು. ಆದರೆ ಅವನ ಬಳಿ ಉಪಕರಣಗಳಿರಲಿಲ್ಲ. ರಕ್ತದೊತ್ತಡವನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ದಾಖಲಿಸುವ ಜರ್ಮನ್ ಯಂತ್ರವನ್ನು ವಿವರಿಸಬೇಕಾದಾಗ ಆತ ತನ್ನ ಎತ್ತರದ ಟೋಪಿಯನ್ನು ಮೇಜಿನ ಮೇಲಿಟ್ಟು ಮೆಲ್ಲನೆ ತಿರುಗಿಸಿ ತೋರಿಸುತ್ತಿದ್ದನಂತೆ. ಆ ಟೋಪಿಯ ಪಾಠವನ್ನು ಕೇಳಿ ಬೆಳೆದ ಶಿಷ್ಯರಲ್ಲಿ ಮೈಕೆಲ್ ಫಾಸ್ಟರ್ ಒಬ್ಬ.

1870ರಲ್ಲಿ ಟ್ರಿನಿಟಿ ಕಾಲೇಜು ಫಾಸ್ಟರನನ್ನು ಕೇಂಬ್ರಿಜ್‌ಗೆ ಕರೆತಂದಿತು. ಅವನು ಸ್ವತಃ ದೊಡ್ಡ ಸಂಶೋಧಕನೇನಲ್ಲ. ಅವನ ಹೆಸರಿನಲ್ಲಿ ನೆನಪಿಡುವಂಥ ಸಂಶೋಧನೆ ಯಾವುದು ಎಂದು ಕೇಳಿದರೆ ಉತ್ತರಿಸುವುದು ಕಷ್ಟ. ಆದರೆ ವಿದ್ಯಾರ್ಥಿ ತನ್ನ ಕೈಯಿಂದಲೇ ಪ್ರಯೋಗ ಮಾಡಬೇಕು, ಕೇಳಿ ಕಲಿತದ್ದು ಕಲಿಕೆಯಲ್ಲ ಎಂಬ ಹಟ ಅವನಿಗಿತ್ತು. ಮತ್ತೊಂದು ಗುಣವೂ ಇತ್ತು: ಯಾವ ಹುಡುಗನಿಗೆ ಯಾವ ಪ್ರಶ್ನೆ ಕೊಡಬೇಕು ಎಂಬ ಅಂದಾಜು. ದಕ್ಷಿಣ ಅಮೆರಿಕದ ಗಿಡವೊಂದರಿಂದ ತೆಗೆದ ಔಷಧಿಯನ್ನು ಜಾನ್ ಲ್ಯಾಂಗ್ಲಿಯ ಕೈಗಿತ್ತು ಇದರ ಪರಿಣಾಮವೇನೆಂದು ನೋಡು ಎಂದ. ಲ್ಯಾಂಗ್ಲಿ ಅಲ್ಲಿಂದ ಹೊರಟು, ನಮ್ಮ ಇಚ್ಛೆಗೆ ಒಳಪಡದ ನರವ್ಯೂಹದ ನಕ್ಷೆಯನ್ನೇ ಬಿಡಿಸಿದ. ವಾಲ್ಟರ್ ಗ್ಯಾಸ್ಕೆಲ್‌ನನ್ನು ಲೈಪ್‌ಜಿಗ್‌ನ ಕಾರ್ಲ್ ಲುಡ್ವಿಗ್ ಬಳಿಗೆ ಕಳುಹಿಸಿದ. ಮರಳಿ ಬಂದ ಗ್ಯಾಸ್ಕೆಲ್, ಹೃದಯದ ಬಡಿತ ಹುಟ್ಟುವುದು ನರದಿಂದಲ್ಲ, ಹೃದಯದ ಸ್ನಾಯುವಿನಿಂದಲೇ ಎಂಬುದನ್ನು ಆಮೆಯ ಹೃದಯದಲ್ಲಿ ತೋರಿಸಿಕೊಟ್ಟ. ಇದೇ ಪ್ರಯೋಗಾಲಯದಲ್ಲಿ ಓದಿದ ಇನ್ನೊಬ್ಬ ವಿದ್ಯಾರ್ಥಿ ಚಾರ್ಲ್ಸ್ ಶೆರಿಂಗ್ಟನ್. 1932ರ ನೊಬೆಲನ್ನು ಏಡ್ರಿಯನ್ ಹಂಚಿಕೊಂಡದ್ದು ಈ ಶೆರಿಂಗ್ಟನ್‌ನೊಂದಿಗೆ. ಇಬ್ಬರ ನಡುವೆ ಮೂವತ್ತೆರಡು ವರ್ಷಗಳ ಅಂತರವಿದ್ದರೂ ವಿದ್ಯೆಯ ವಂಶವೃಕ್ಷ ಒಂದೇ.

ಇಲ್ಲೊಂದು ಚಿಕ್ಕ ಅಡ್ಡದಾರಿ. ಬಾರ್ಕರ್ ಕಾದಂಬರಿಯ ನಾಯಕನೆನ್ನಬಹುದಾದ ಡಾಕ್ಟರ್ ಡಬ್ಲ್ಯು. ಎಚ್. ಆರ್. ರಿವರ್ಸ್‌ನನ್ನು ಕೇಂಬ್ರಿಜ್‌ಗೆ ಕರೆಸಿಕೊಂಡವನೂ ಫಾಸ್ಟರನೇ, ಇಂದ್ರಿಯಗಳ ಶರೀರಕ್ರಿಯೆಯನ್ನು ಪಾಠ ಹೇಳುವುದಕ್ಕಾಗಿ. ನಮ್ಮ ಚಾಮರಾಜನಗರದ ಗಡಿಗೆ ತಾಗಿದ ನೀಲಗಿರಿ ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ಇದ್ದು 1906ರಲ್ಲಿ ತೋಡರ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ ಮಾನವಶಾಸ್ತ್ರಜ್ಞ ರಿವರ್ಸ್ ಕೂಡ ಈತನೇ. ಹೀಗೆ ಕಾದಂಬರಿಯಲ್ಲಿ ಎದುರುಬದುರು ನಿಲ್ಲುವ ಎರಡು ಚಿಕಿತ್ಸಾಕ್ರಮಗಳಿಗೂ, ಅಂದರೆ ಮಾತಿನಿಂದ ಗುಣಪಡಿಸುವುದಕ್ಕೂ ವಿದ್ಯುತ್ತಿನಿಂದ ಗುಣಪಡಿಸುವುದಕ್ಕೂ, ಒಂದೇ ಪ್ರಯೋಗಾಲಯದ ನಂಟಿದೆ.

ಏಡ್ರಿಯನ್ 1908ರಲ್ಲಿ ಟ್ರಿನಿಟಿಗೆ ಬರುವ ಹೊತ್ತಿಗೆ ಫಾಸ್ಟರನ ಕಾಲ ಮುಗಿದಿತ್ತು. ಪ್ರೊಫೆಸರ್ ಹುದ್ದೆಯಲ್ಲಿ ಲ್ಯಾಂಗ್ಲಿ ಇದ್ದ. ಮಾತು ಕಡಿಮೆ, ಕೆಲಸ ಕರಾರುವಾಕ್ಕು. ಫಾಸ್ಟರ್ ಸ್ಥಾಪಿಸಿದ ‘ಜರ್ನಲ್ ಆಫ್ ಫಿಸಿಯಾಲಜಿ’ಯ ಒಡೆತನವೂ ಸಂಪಾದಕತ್ವವೂ ಅವನದೇ ಆಗಿದ್ದು, ಬಂದ ಲೇಖನಗಳನ್ನು ಆತ ನಿರ್ದಾಕ್ಷಿಣ್ಯವಾಗಿ ತಿದ್ದುತ್ತಿದ್ದ. ಆ ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಕಾಣುವ ಒಣ, ಆದರೆ ಸಂದೇಹಕ್ಕೆ ಎಡೆಗೊಡದ ಗದ್ಯಶೈಲಿಗೆ ಅವನ ಕೆಂಪು ಶಾಯಿಯೂ ಕಾರಣ. ಅವನ ವಿಭಾಗಕ್ಕೆ ಆಗ ಸರಿಯಾದ ಕಟ್ಟಡವಿರಲಿಲ್ಲ. ಹೊಸ ಕಟ್ಟಡ ಸಿದ್ಧವಾದದ್ದು 1914ರಲ್ಲಿ. ಅದುವರೆಗೆ ತರುಣ ಸಂಶೋಧಕರು ಸಿಕ್ಕ ಮೂಲೆಗಳಲ್ಲಿ ಕೆಲಸ ಮಾಡಬೇಕಿತ್ತು. ಅಂಥ ಮೂಲೆಗಳಲ್ಲಿ ಒಂದು, ನೆಲದಡಿಯ ಆ ಕತ್ತಲೆಕೋಣೆ. ಮಳೆ ಹೆಚ್ಚಾದರೆ ನೀರು ನುಗ್ಗುತ್ತಿತ್ತು. ಆಗ ಮರದ ಹಲಗೆಗಳನ್ನು ಹಾಸಿ ಅದರ ಮೇಲೆ ಓಡಾಡಬೇಕಿತ್ತು. ಸ್ನಾಯು ಸಂಕುಚಿಸುವಾಗ ಹುಟ್ಟುವ ಅತ್ಯಲ್ಪ ಶಾಖವನ್ನು ಅಳೆಯುತ್ತಿದ್ದ ಎ. ವಿ. ಹಿಲ್ ಅಲ್ಲಿದ್ದ; ಅವನಿಗೆ 1922ರ ನೊಬೆಲ್ ಬಂತು. ಮತ್ತೊಬ್ಬ ಕೀತ್ ಲ್ಯೂಕಸ್.

ಲ್ಯೂಕಸ್ ಹುಟ್ಟಿದ್ದು 1879ರಲ್ಲಿ, ಗ್ರೀನಿಚ್‌ನಲ್ಲಿ. ತಂದೆ ಫ್ರಾನ್ಸಿಸ್ ಲ್ಯೂಕಸ್ ಸಮುದ್ರದಾಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಸುವ ಕಂಪನಿಯ ಇಂಜಿನಿಯರ್. ಕೇಬಲ್ ಇಳಿಸುವ ಮುನ್ನ ಕಡಲಿನ ಆಳ ಅಳೆಯಲು ಬಳಸುತ್ತಿದ್ದ ಯಂತ್ರವೊಂದಕ್ಕೆ ಅವನ ಹೆಸರೇ ಇದೆ. ಮಗ ಯಂತ್ರಗಳ ನಡುವೆ ಬೆಳೆದ. ಓದು ಮುಗಿಸಿದ ಹೊಸತರಲ್ಲಿ ಕೆಲಕಾಲ ನ್ಯೂಜಿಲೆಂಡಿಗೆ ಹೋಗಿ ಅಲ್ಲಿನ ಸರೋವರಗಳ ಆಳವನ್ನು ಅಳೆದ. ಅಪ್ಪನ ವಿದ್ಯೆಯನ್ನು ಮಗ ಸಿಹಿನೀರಿನಲ್ಲಿ ಪರೀಕ್ಷಿಸಿದಂತೆ! ಹಿಂತಿರುಗಿದ ಮೇಲೆ ಅವನು ಆರಿಸಿಕೊಂಡದ್ದು ಸ್ನಾಯು ಮತ್ತು ನರ. ಕೇಬಲ್‌ಗಾರನ ಮಗ ಜೀವಂತ ತಂತಿಗಳತ್ತ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ತನಗೆ ಬೇಕಾದ ಉಪಕರಣಗಳನ್ನು ಅವನು ತಾನೇ ವಿನ್ಯಾಸ ಮಾಡುತ್ತಿದ್ದ. ಡಾರ್ವಿನ್‌ನ ಮಗ ಹೊರೇಸ್ ಸ್ಥಾಪಿಸಿದ್ದ ಕೇಂಬ್ರಿಜ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಕಂಪನಿಯ ನಿರ್ದೇಶಕರಲ್ಲಿ ಒಬ್ಬನೂ ಆಗಿದ್ದ.

ಲ್ಯೂಕಸ್ ಎತ್ತಿಕೊಂಡ ಪ್ರಶ್ನೆ ಕೇಳಲು ಸರಳ. ನಾವು ಒಂದು ಹೂವನ್ನು ಎತ್ತುತ್ತೇವೆ, ಅದೇ ಕೈಯಿಂದ ನೀರು ತುಂಬಿದ ಕೊಡವನ್ನೂ ಎತ್ತುತ್ತೇವೆ. ಬಲ ಕಡಿಮೆ ಬೇಕಾದಾಗ ಪ್ರತಿಯೊಂದು ಸ್ನಾಯುತಂತುವೂ ಮೆಲ್ಲನೆ ಎಳೆಯುತ್ತದೆಯೋ? ಅಥವಾ ಎಳೆಯುವ ತಂತುಗಳ ಸಂಖ್ಯೆಯೇ ಕಡಿಮೆಯಾಗುತ್ತದೆಯೋ? ಹೃದಯದ ಮಟ್ಟಿಗೆ ಇದಕ್ಕೊಂದು ಉತ್ತರ 1871ರಲ್ಲೇ ದೊರೆತಿತ್ತು. ಲುಡ್ವಿಗ್‌ನ ಪ್ರಯೋಗಾಲಯದಲ್ಲಿದ್ದ ಅಮೆರಿಕದ ಹೆನ್ರಿ ಬೌಡಿಚ್, ಹೃದಯದ ಸ್ನಾಯು ಪ್ರತಿಕ್ರಿಯಿಸಿದರೆ ಪೂರ್ತಿ ಪ್ರತಿಕ್ರಿಯಿಸುತ್ತದೆ, ಇಲ್ಲವಾದರೆ ಇಲ್ಲವೇ ಇಲ್ಲ ಎಂದು ತೋರಿಸಿದ್ದ. ಆದರೆ ಅದು ಹೃದಯದ ವಿಶೇಷಗುಣ, ಕೈಕಾಲಿನ ಸ್ನಾಯುವಿಗೆ ಅನ್ವಯಿಸದು ಎಂದೇ ಬಹುಮಂದಿಯ ನಂಬಿಕೆ.

ಲ್ಯೂಕಸ್ ಕಪ್ಪೆಯ ಬೆನ್ನಿನ ಚರ್ಮಕ್ಕೆ ಅಂಟಿಕೊಂಡ ಪುಟ್ಟ ಸ್ನಾಯುವೊಂದನ್ನು ಆರಿಸಿದ. ಅದಕ್ಕೆ ಬರುವ ನರದಲ್ಲಿ ಇರುವುದು ಎಂಟೋ ಒಂಬತ್ತೋ ನರತಂತುಗಳು ಮಾತ್ರ. ವಿದ್ಯುತ್ ಪ್ರಚೋದನೆಯನ್ನು ಅವನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೆಚ್ಚಿಸುತ್ತ ಹೋದ. ಸ್ನಾಯುವಿನ ಸಂಕೋಚನ ಇಳಿಜಾರಿನಂತೆ ಏರಲಿಲ್ಲ, ಮೆಟ್ಟಿಲುಗಳಂತೆ ಏರಿತು. ಒಂದು ಹಂತ, ಸ್ವಲ್ಪ ಹೊತ್ತು ಅದೇ ಮಟ್ಟ, ಮತ್ತೆ ಥಟ್ಟನೆ ಇನ್ನೊಂದು ಹಂತ. ಮೆಟ್ಟಿಲುಗಳ ಸಂಖ್ಯೆ ಎಂದೂ ನರತಂತುಗಳ ಸಂಖ್ಯೆಯನ್ನು ಮೀರಲಿಲ್ಲ. ಬೀದಿಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡು ಬೀದಿ ಬೆಳಗಿದಂತೆ; ಯಾವ ದೀಪವೂ ಅರ್ಧ ಉರಿಯುವುದಿಲ್ಲ. ಇದು ಪ್ರಕಟವಾದದ್ದು 1909ರಲ್ಲಿ. ಮುಂದಿನ ಪ್ರಶ್ನೆ ತಾನಾಗಿಯೇ ಎದುರು ನಿಂತಿತ್ತು: ಸ್ನಾಯುವಿನ ಮಾತು ಹೀಗಾದರೆ, ಅದಕ್ಕೆ ಆಜ್ಞೆ ತರುವ ನರದ ಗತಿಯೇನು?

ಈ ಪ್ರಶ್ನೆಯ ಹೊಸ್ತಿಲಿನಲ್ಲಿ ಎಡ್ಗರ್ ಡಗ್ಲಾಸ್ ಏಡ್ರಿಯನ್ ನೆಲಮಾಳಿಗೆಯೊಳಗೆ ಕಾಲಿಟ್ಟ. ಸರ್ಕಾರಿ ಇಲಾಖೆಯೊಂದರ ಕಾನೂನು ಸಲಹೆಗಾರನ ಮಗ. 1911ರಲ್ಲಿ ಶರೀರಕ್ರಿಯಾವಿಜ್ಞಾನದಲ್ಲಿ ಪ್ರಥಮ ದರ್ಜೆ ಪಡೆದಿದ್ದ. ಮರುವರ್ಷವೇ ಗುರು-ಶಿಷ್ಯರಿಬ್ಬರ ಹೆಸರಿನಲ್ಲಿ ಒಂದು ಲೇಖನ ಬಂತು. ಅದರ ಬೆನ್ನಿಗೇ ಶಿಷ್ಯನೊಬ್ಬನದೇ ಹೆಸರಿನಲ್ಲಿ ಇನ್ನೊಂದು. ತನ್ನ ಪ್ರಶ್ನೆಯ ಅತಿ ಮುಖ್ಯವಾದ ಭಾಗವನ್ನು ಗುರು ಶಿಷ್ಯನಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟದ್ದು ನನಗೆ ಆ ಎರಡು ಲೇಖನಗಳ ಒಕ್ಕಣೆಗಿಂತ ಮಹತ್ವದ್ದಾಗಿ ಕಾಣುತ್ತದೆ. ಪ್ರಯೋಗಾಲಯದ ಮುಖ್ಯಸ್ಥನ ಹೆಸರಿಲ್ಲದೆ ವಿದ್ಯಾರ್ಥಿಯ ಲೇಖನ ಹೊರಬರದ ಇಂದಿನ ಸಂಶೋಧನಾ ಪ್ರಪಂಚದಲ್ಲಿ ಇದನ್ನು ನಂಬುವುದೇ ಕಷ್ಟ.

ಶಿಷ್ಯನ ಆ ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡೋಣ. ನರದಲ್ಲಿ ಸಂದೇಶ ಹರಿಯುವ ವೇಗವನ್ನು ಹೆಲ್ಮ್‌ಹೋಲ್ಟ್ಸ್ 1850ರಲ್ಲೇ ಕಪ್ಪೆಯಲ್ಲಿ ಅಳೆದಿದ್ದ. ಸೆಕೆಂಡಿಗೆ ಸುಮಾರು 30 ಮೀಟರ್. ಆದರೆ ಹರಿಯುವ ಆ ಆವೇಗದ ಸ್ವರೂಪ ಯಾವುದು? ಕೊಳವೆಯೊಳಗೆ ನೂಕಿದ ನೀರಿನಂತೆ, ನೂಕಿದವನ ಬಲವನ್ನೇ ಹೊತ್ತು ಹೋಗುತ್ತದೆಯೋ? ಅಥವಾ ಪಟಾಕಿಯ ಬತ್ತಿಯಲ್ಲಿ ಹರಿಯುವ ಕಿಡಿಯಂತೆ, ದಾರಿಯುದ್ದಕ್ಕೂ ಇರುವ ಮದ್ದಿನಿಂದಲೇ ತನ್ನ ಶಕ್ತಿಯನ್ನು ಪಡೆಯುತ್ತದೆಯೋ? ಬತ್ತಿಗೆ ಬೆಂಕಿಕಡ್ಡಿಯಿಂದ ಹಚ್ಚಿದರೂ ಪಂಜಿನಿಂದ ಹಚ್ಚಿದರೂ ಕಿಡಿ ಒಂದೇ. ಬತ್ತಿಯ ನಡುವೆ ಒಂದಿಷ್ಟು ತೇವವಾಗಿದ್ದರೆ ಕಿಡಿ ಅಲ್ಲಿ ಕುಗ್ಗುತ್ತದೆ. ಆದರೆ ಆರದೆ ದಾಟಿತೆಂದರೆ ಒಣಗಿದ ಭಾಗದಲ್ಲಿ ಮತ್ತೆ ಮೊದಲಿನಂತೆಯೇ ಉರಿಯುತ್ತದೆ.

ಏಡ್ರಿಯನ್ ನರವನ್ನು ಹೀಗೆ ‘ತೇವ’ ಮಾಡಿದ. ಕಪ್ಪೆಯ ನರದ ಒಂದು ಭಾಗವನ್ನು ಆಲ್ಕೊಹಾಲಿನ ಆವಿ ತುಂಬಿದ ಚಿಕ್ಕ ಕೋಣೆಯ ಮೂಲಕ ಹಾಯಿಸಿದ. ಮತ್ತೇರಿದಂತೆ ಆ ಭಾಗ ಸಂದೇಶವನ್ನು ಸಾಗಿಸಲಾರದೆ ಹೋಗುತ್ತದೆ. ಮತ್ತೇರಿದ ಭಾಗ 9 ಮಿಲಿಮೀಟರ್ ಉದ್ದವಿದ್ದರೆ ಸಂದೇಶ ಬೇಗ ನಿಂತುಹೋಗುತ್ತಿತ್ತು. ಅದರ ಅರ್ಧ ಉದ್ದವಿದ್ದರೆ ತಡವಾಗಿ. ಹಾಗಾದರೆ ಅಂಥ ಎರಡು ಅರ್ಧಗಳನ್ನು ಇಟ್ಟು, ನಡುವೆ ಸ್ವಲ್ಪ ಆರೋಗ್ಯವಂತ ನರವನ್ನು ಬಿಟ್ಟರೆ? ಸಂದೇಶ ನೂಕಿದ ನೀರಿನಂಥದ್ದಾದರೆ ಎರಡು ಅರ್ಧಗಳ ನಷ್ಟ ಕೂಡಿ ಒಂದು ಪೂರ್ತಿಯ ನಷ್ಟಕ್ಕೆ ಸಮವಾಗಬೇಕು. ಆಗಲಿಲ್ಲ. ಎರಡು ಅರ್ಧಗಳಿದ್ದರೂ ಸಂದೇಶ ಒಂದೇ ಅರ್ಧವಿದ್ದಾಗಿನಷ್ಟೇ ಹೊತ್ತು ದಾಟುತ್ತಿತ್ತು. ನಡುವಿನ ಆರೋಗ್ಯವಂತ ತುಣುಕಿನಲ್ಲಿ ಅದು ತನ್ನ ಪೂರ್ಣ ಬಲವನ್ನು ಮರಳಿ ಪಡೆದಿತ್ತು. ಬೇಕಾದದ್ದು ಒಂದು ಕಪ್ಪೆ, ಒಂದಿಷ್ಟು ಆಲ್ಕೊಹಾಲು, ತಾಳ್ಮೆ ಮತ್ತು ಹೀಗೆ ಯೋಚಿಸಬಲ್ಲ ತಲೆ. ಈ ಕೆಲಸಕ್ಕಾಗಿ ಟ್ರಿನಿಟಿ 1913ರಲ್ಲಿ ಅವನಿಗೆ ಫೆಲೋಶಿಪ್ ನೀಡಿತು. ಆಗ ಅವನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವರ್ಷ.

ಈ ಪ್ರಯೋಗ ಮುಂದೆ ಟೀಕೆಗೆ ಗುರಿಯಾಯಿತು ಎಂಬುದನ್ನೂ ಹೇಳಬೇಕು. ಜಪಾನಿನ ಕೇಯೋ ವಿಶ್ವವಿದ್ಯಾಲಯದ ಗೆನಿಚಿ ಕಾಟೋ 1920ರ ದಶಕದಲ್ಲಿ ಇನ್ನೂ ಉದ್ದವಾದ ನರದ ತುಣುಕುಗಳನ್ನು ತೆಗೆದುಕೊಂಡು, ಮತ್ತೇರಿದ ಭಾಗದಲ್ಲಿ ಸಂದೇಶ ಹೆಜ್ಜೆಹೆಜ್ಜೆಗೂ ಕುಗ್ಗುತ್ತ ಹೋಗುವುದೇ ಇಲ್ಲ, ಹಾಗೆ ತೋರಿದ್ದು ತುಣುಕುಗಳು ತೀರ ಚಿಕ್ಕವಾಗಿದ್ದುದರಿಂದ ಎಂದು ತೋರಿಸಿದ. ಏಡ್ರಿಯನ್ ತಲುಪಿದ ಊರು ಸರಿ; ನಡೆದ ದಾರಿಯಲ್ಲಿ ಒಂದು ಸೇತುವೆ ಭ್ರಮೆಯದು. ಅಂದಹಾಗೆ ಕಾಟೋ ಈ ವಾದವನ್ನು ಮಂಡಿಸಬೇಕಾದದ್ದು ಕೇಂಬ್ರಿಜ್‌ನವರ ವಿರುದ್ಧವಷ್ಟೇ ಅಲ್ಲ, ಹಳೆಯ ಸಿದ್ಧಾಂತವನ್ನು ಹಿಡಿದಿದ್ದ ಕ್ಯೋಟೋದ ತನ್ನ ಸ್ವಂತ ಗುರು ಇಶಿಕಾವನ ವಿರುದ್ಧವೂ. ಅದು ಬಹಿರಂಗ ಕದನವೇ ಆಯಿತು. ಗುರುವಿನ ಋಣವನ್ನು ತೀರಿಸುವ ಬಗೆಗಳು ಹಲವು.

1914ರಲ್ಲಿ ಯುದ್ಧ ಬಂತು. ಏಡ್ರಿಯನ್ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಗೆ ಹೋಗಿ ಬಾಕಿಯಿದ್ದ ವೈದ್ಯಕೀಯ ಪದವಿಯನ್ನು ಅವಸರದಲ್ಲಿ ಮುಗಿಸಿದ. ಲ್ಯೂಕಸ್ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ಸೇರಿದ. ಆಗಿನ ವಿಮಾನಗಳಲ್ಲಿ ಒಂದು ವಿಚಿತ್ರ ತೊಂದರೆಯಿತ್ತು. ಮೋಡದೊಳಗೆ ವಿಮಾನ ವಾಲಿಕೊಂಡು ತಿರುಗಿದಾಗ ದಿಕ್ಸೂಚಿ ತಪ್ಪು ದಿಕ್ಕನ್ನು ತೋರಿಸುತ್ತಿತ್ತು. ಅದನ್ನು ನಂಬಿದ ವಿಮಾನಿಕ ದಾರಿ ತಪ್ಪುತ್ತಿದ್ದ. ಲ್ಯೂಕಸ್ ಇದರ ಕಾರಣವನ್ನು ಬಿಡಿಸಿ, ವಿಮಾನಕ್ಕೆ ತಕ್ಕ ಹೊಸ ದಿಕ್ಸೂಚಿಯನ್ನು ರೂಪಿಸಿದ. ಕಪ್ಪೆಯ ಸ್ನಾಯುವಿನ ಅತಿಸೂಕ್ಷ್ಮ ಚಲನೆಯನ್ನು ದಾಖಲಿಸಿದ ಕೈಗೆ ದಿಕ್ಸೂಚಿಯ ಸೂಜಿಯ ಹೊಯ್ದಾಟ ಅಪರಿಚಿತವಾಗಿರಲಿಕ್ಕಿಲ್ಲ. ತನ್ನ ಉಪಕರಣವನ್ನು ತಾನೇ ಹಾರಿಸಿ ನೋಡಬೇಕೆಂದು ವಿಮಾನ ನಡೆಸಲು ಕಲಿತ. 1916ರ ಅಕ್ಟೋಬರ್ 5ರಂದು ಸಾಲಿಸ್‌ಬರಿ ಬಯಲಿನ ಮೇಲೆ ಅವನ ವಿಮಾನ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಹೆಂಡತಿ ಮತ್ತು ಮೂವರು ಗಂಡುಮಕ್ಕಳನ್ನು ಬಿಟ್ಟು ಅವನು ಹೋದ.

ಯೆಲ್ಯಾಂಡ್‌ನೊಂದಿಗಿನ ಲೇಖನ ಬಂದದ್ದು ಮರುವರ್ಷ. ಗುರುವಿನ ಸಾವಿಗೂ ಆ ಚಿಕಿತ್ಸೆಗೂ ನಾನು ಸಂಬಂಧ ಹೆಣೆಯಲಾರೆ, ಕಾದಂಬರಿಯಲ್ಲಾದರೆ ಹೆಣೆಯಬಹುದಿತ್ತು. ಆದರೆ ಒಂದು ಮಾತು. ಲ್ಯೂಕಸ್ ಕಲಿಸಿದ್ದು ಪ್ರಚೋದನೆಯನ್ನು ಕೂದಲೆಳೆಯಷ್ಟು ಹೆಚ್ಚಿಸಿ, ಉತ್ತರಕ್ಕಾಗಿ ಕಾಯುವುದನ್ನು. ಕ್ವೀನ್ ಸ್ಕ್ವೇರಿನಲ್ಲಿ ವಿದ್ಯುತ್ತನ್ನು ಬಳಸಿದ್ದು ಉತ್ತರವನ್ನು ಹೊರಡಿಸಲು. ರೋಗಿ ಗುಣವಾಗಲೇಬೇಕು ಎಂಬ ನಿಶ್ಚಯದೊಂದಿಗೆ. ಯುದ್ಧಕಾಲದ ವೈದ್ಯರ ಮೇಲೆ ಸೈನಿಕರನ್ನು ಬೇಗ ಕೆಲಸಕ್ಕೆ ಮರಳಿಸುವ ಒತ್ತಡವಿತ್ತು ಎಂಬುದೂ ನಿಜ. ಇಷ್ಟು ಹೇಳಿಯೂ ನನ್ನ ಕಸಿವಿಸಿ ಪೂರ್ತಿ ಹೋಗಿಲ್ಲ. ಏಡ್ರಿಯನ್ ಯುದ್ಧದ ಉಳಿದ ಕಾಲವನ್ನು ಆಲ್ಡರ್‌ಷಾಟ್‌ನ ಸೇನಾ ಆಸ್ಪತ್ರೆಯಲ್ಲಿ ಕಳೆದ.

ಅದೇ 1917ರಲ್ಲಿ ಅವನು ಮಾಡಿದ ಇನ್ನೊಂದು ಕೆಲಸವಿದೆ. ಲ್ಯೂಕಸ್ 1914ರಲ್ಲಿ ಲಂಡನ್ನಿನಲ್ಲಿ ನೀಡಿದ್ದ ಉಪನ್ಯಾಸಗಳು ಪುಸ್ತಕರೂಪಕ್ಕೆ ಬರದೆ ಉಳಿದಿದ್ದವು. ಆಸ್ಪತ್ರೆಯ ಕೆಲಸದ ನಡುವೆ ಶಿಷ್ಯ ಅವನ್ನು ಪರಿಷ್ಕರಿಸಿ, ‘ದ ಕಂಡಕ್ಷನ್ ಆಫ್ ದ ನರ್ವಸ್ ಇಂಪಲ್ಸ್’ ಎಂಬ ಹೆಸರಿನಲ್ಲಿ ಹೊರತಂದ. ತೆಳ್ಳನೆಯ ಪುಸ್ತಕ. ಮುಖಪುಟದಲ್ಲಿ ಲೇಖಕನ ಹೆಸರು ಲ್ಯೂಕಸ್‌ನದೇ.

1919ರಲ್ಲಿ ಕೇಂಬ್ರಿಜ್‌ಗೆ ಮರಳಿದಾಗ ಗುರುವಿನ ಪ್ರಯೋಗಾಲಯ ಅವನಿಗೆ ಬಂತು. ವರ್ಗವಾಗಿ ಬಂದು ಹಿಂದಿನವರ ಮೇಜಿನ ಮುಂದೆ ಕುಳಿತ ಯಾವ ಸರ್ಕಾರಿ ನೌಕರನಿಗೂ ಆ ಅನುಭವದ ಒಂದು ಪುಟ್ಟ ಅಂಶ ಗೊತ್ತಿರುತ್ತದೆ: ಅರ್ಧಕ್ಕೆ ನಿಂತ ಟಿಪ್ಪಣಿ, ಬೇರೊಬ್ಬರ ಅಕ್ಷರ, ಅವರಿಗಷ್ಟೇ ತಿಳಿದಿದ್ದ ಕ್ರಮದಲ್ಲಿ ಜೋಡಿಸಿದ ಕಡತಗಳು. ಏಡ್ರಿಯನ್‌ಗೆ ಸಿಕ್ಕ ಆಸ್ತಿಯಲ್ಲಿ ಮುಖ್ಯವಾದದ್ದು ಕ್ಯಾಪಿಲರಿ ಇಲೆಕ್ಟ್ರೋಮೀಟರ್. ಕೂದಲಿನಂಥ ಗಾಜಿನ ಕೊಳವೆಯೊಳಗೆ ಪಾದರಸ. ಅದರ ತುದಿಗೆ ತಾಗಿದಂತೆ ದುರ್ಬಲವಾದ ಗಂಧಕಾಮ್ಲ. ಅತ್ಯಲ್ಪ ವಿದ್ಯುತ್ ಹಾಯ್ದರೂ ಪಾದರಸದ ಅಂಚು ಕದಲುತ್ತದೆ. ಅದರ ನೆರಳನ್ನು ಚಲಿಸುವ ಫೋಟೋ ಫಲಕದ ಮೇಲೆ ಹಿಡಿಯುತ್ತಾರೆ. ಹೀಗೆ ಸಿಕ್ಕ ಗೆರೆ ನಿಜವಾದ ವಿದ್ಯುತ್ತಿನ ವಿಕೃತ ರೂಪವಾದ್ದರಿಂದ ಅದನ್ನು ಲೆಕ್ಕ ಹಾಕಿ ತಿದ್ದಬೇಕು. ಆ ತಿದ್ದುಪಡಿಯನ್ನು ಮಾಡುವುದಕ್ಕೆಂದೇ ಲ್ಯೂಕಸ್ 1912ರಲ್ಲಿ ಒಂದು ಯಂತ್ರವನ್ನು ರಚಿಸಿದ್ದ. ಇವೆಲ್ಲ ಇದ್ದವು. ರಚಿಸಿದವನು ಇರಲಿಲ್ಲ.

ಮುಂದಿನ ಐದಾರು ವರ್ಷಗಳನ್ನು ಏಡ್ರಿಯನ್‌ನ ಬಂಜರು ಕಾಲವೆಂದೇ ಕರೆಯಬಹುದು. ಅವನು ಗುರುವಿನ ಪ್ರಶ್ನೆಗಳನ್ನೇ, ಗುರುವಿನ ವಿಧಾನಗಳಿಂದಲೇ ಕೇಳುತ್ತಿದ್ದ. ಒಳ್ಳೆಯ ಉತ್ತರಗಳೂ ಸಿಗುತ್ತಿದ್ದವು, ಹೊಸ ದಾರಿ ಸಿಗುತ್ತಿರಲಿಲ್ಲ. 1921ರಲ್ಲಿ ಹಾರ್ವರ್ಡಿನಿಂದ ಅಲೆಕ್ಸಾಂಡರ್ ಫೋರ್ಬ್ಸ್ ಬಂದ. ಯುದ್ಧಕ್ಕೆ ಮುನ್ನ ಲ್ಯೂಕಸ್‌ನ ಬಳಿಗೂ ಬಂದುಹೋಗಿದ್ದವನು. ಇಬ್ಬರೂ ಸೇರಿ, ಪೂರ್ಣವೋ ಶೂನ್ಯವೋ ಎಂಬ ನಿಯಮ ಸಂವೇದನೆಯ ನರಗಳಿಗೂ ಅನ್ವಯಿಸುತ್ತದೆ ಎಂದು ತೋರಿಸಿದರು. ಆದರೆ ನಿಜವಾದ ತೊಡಕು ಬೇರೆಯಿತ್ತು. ಅದುವರೆಗಿನ ಪ್ರಯೋಗಗಳೆಲ್ಲ ಇಡೀ ನರಕ್ಕೆ ಹೊರಗಿನಿಂದ ವಿದ್ಯುತ್ ಕೊಟ್ಟು, ನೂರಾರು ತಂತುಗಳು ಒಮ್ಮೆಲೇ ಕೂಗಿದ ಕೂಗನ್ನು ಅಳೆದವು. ಜೀವಂತ ದೇಹದಲ್ಲಿ ನರ ತಾನಾಗಿ ಆಡುವ ಮಾತು, ಒಂದೊಂದು ತಂತುವಿನ ಪಿಸುಮಾತು, ಪಾದರಸವನ್ನು ಕದಲಿಸುವಷ್ಟು ಬಲವಾಗಿರಲಿಲ್ಲ.

ಪಿಸುಮಾತನ್ನು ಕೇಳಿಸಿದ್ದು ರೇಡಿಯೋ ವಾಲ್ವ್. ಯುದ್ಧಕಾಲದ ನಿಸ್ತಂತು ಸಂಪರ್ಕದ ಕೊಡುಗೆ ಅದು. ಅಮೆರಿಕದಲ್ಲಿ ಫೋರ್ಬ್ಸ್ ಮತ್ತು ಸೇಂಟ್ ಲೂಯಿಸ್‌ನ ಹರ್ಬರ್ಟ್ ಗ್ಯಾಸರ್ ನರದ ವಿದ್ಯುತ್ತನ್ನು ವಾಲ್ವ್‌ಗಳಿಂದ ಹಿಗ್ಗಿಸಬಹುದೆಂದು ಆಗಲೇ ತೋರಿಸಿದ್ದರು. 1925ರಲ್ಲಿ ಏಡ್ರಿಯನ್, ಗ್ಯಾಸರ್‌ನ ಮಾದರಿಯಲ್ಲಿ ಮೂರು ವಾಲ್ವ್‌ಗಳ ಆಂಪ್ಲಿಫೈಯರ್ ಕಟ್ಟಿ, ಅದನ್ನು ತನ್ನ ಪ್ರಯೋಗಾಲಯದ ಇಲೆಕ್ಟ್ರೋಮೀಟರಿಗೆ ಜೋಡಿಸಿದ. ಸಂಕೇತ ಸಾವಿರ ಪಟ್ಟಿಗೂ ಮೀರಿ ಹಿಗ್ಗಿತು.

ಹಿಗ್ಗಿದ್ದು ಮೊದಲಿಗೆ ಗೊಂದಲವಾಗಿಯೇ ಕಂಡಿತು. ಕಪ್ಪೆಯ ಕಾಲಿನ ನರಕ್ಕೆ ತಂತಿ ಜೋಡಿಸಿದ್ದಾಗ ಪಾದರಸ ಎಡೆಬಿಡದೆ ಅದುರುತ್ತಿತ್ತು. ಹೊಸ ಯಂತ್ರದ ದೋಷವೆಂದೇ ಅವನ ಅನುಮಾನ. ಸ್ನಾಯುವನ್ನು ಗಾಜಿನ ಫಲಕದ ಮೇಲೆ ಮಲಗಿಸಿದ; ಅದುರುವಿಕೆ ನಿಂತಿತು. ಮತ್ತೆ ತೂಗುಬಿಟ್ಟ, ಮತ್ತೆ ಅದುರಿತು. ಆಗ ಹೊಳೆಯಿತು: ತನ್ನ ಭಾರಕ್ಕೇ ಎಳೆದುಕೊಂಡು ತೂಗುತ್ತಿರುವ ಸ್ನಾಯು, ‘ನನ್ನನ್ನು ಎಳೆಯಲಾಗುತ್ತಿದೆ’ ಎಂದು ನರದ ಮೂಲಕ ಮೇಲಕ್ಕೆ ವರದಿ ಕಳುಹಿಸುತ್ತಿದೆ! ದೋಷವೆಂದುಕೊಂಡದ್ದೇ ದೇಹದ ಭಾಷೆಯಾಗಿತ್ತು.

ಸ್ವೀಡನ್ನಿನಿಂದ ಬಂದಿದ್ದ ಯಂಗ್ವೆ ಸೋಟರ್‌ಮನ್ ಜೊತೆಗೂಡಿದ. ಲ್ಯೂಕಸ್‌ನ ಹಾಗೆಯೇ ಇವರೂ ಕಪ್ಪೆಯ ಎದೆಯ ಭಾಗದ ಪುಟ್ಟ ಸ್ನಾಯುವೊಂದನ್ನು ಆರಿಸಿ, ಅದನ್ನು ಎಳೆಎಳೆಯಾಗಿ ಕತ್ತರಿಸುತ್ತ ಬಂದು, ಕೊನೆಗೆ ಒಂದೇ ಒ೦ದು ಸಂವೇದನಾಂಗ, ಒಂದೇ ನರತಂತು ಉಳಿಯುವಂತೆ ಮಾಡಿದರು. ತೂಕ ಹೆಚ್ಚಿಸಿದಾಗ ತಂತುವಿನ ಆವೇಗಗಳು ದೊಡ್ಡವಾಗಲಿಲ್ಲ; ಪ್ರತಿಯೊಂದೂ ಅದೇ ಗಾತ್ರ. ಹೆಚ್ಚಿದ್ದು ಅವು ಬರುವ ವೇಗ, ಸೆಕೆಂಡಿಗೆ ಇಷ್ಟು ಎಂಬ ಲೆಕ್ಕ. ತೂಕವನ್ನು ಹಾಗೆಯೇ ಬಿಟ್ಟರೆ ಆ ಲೆಕ್ಕ ಕ್ರಮೇಣ ಇಳಿಯುತ್ತಿತ್ತು. ಸ್ಪರ್ಶದ ನರಗಳಲ್ಲಿ ಈ ಇಳಿತ ಇನ್ನೂ ಬೇಗ. ಬೆಳಿಗ್ಗೆ ತೊಟ್ಟ ಅಂಗಿ ಮಧ್ಯಾಹ್ನಕ್ಕೆ ಮೈಮೇಲಿದೆಯೆಂಬ ಅರಿವೇ ನಮಗಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ನೋವೂ ಬೆಳಕೂ ಸ್ಪರ್ಶವೂ ಮಿದುಳಿಗೆ ಹೋಗುವುದು ಒಂದೇ ಬಗೆಯ ಚುಕ್ಕೆಗಳ ಸಾಲಾಗಿ, ಟೆಲಿಗ್ರಾಫಿನ ಕಟಕಟದಂತೆ. ಕೇಬಲ್ ಇಂಜಿನಿಯರನ ಮಗ ಮಾಡದೆ ಬಿಟ್ಟುಹೋದ ಕೆಲಸದ ಕೊನೆಯಲ್ಲಿ ಸಿಕ್ಕದ್ದು ಇದು.

ಆ ವರ್ಷ ನವೆಂಬರಿನಲ್ಲಿ ಲ್ಯಾಂಗ್ಲಿ ತೀರಿಕೊಂಡ. ಏಡ್ರಿಯನ್‌ನ ಲೇಖನಮಾಲೆ ಅಚ್ಚಾದದ್ದು 1926ರಲ್ಲಿ, ಲ್ಯಾಂಗ್ಲಿಯ ಕೆಂಪು ಶಾಯಿಯಿಂದ ತಪ್ಪಿಸಿಕೊಂಡು. ನೊಬೆಲ್ ಬಂದಾಗ ಏಡ್ರಿಯನ್‌ಗೆ ನಲವತ್ತಮೂರು, ಶೆರಿಂಗ್ಟನ್‌ಗೆ ಎಪ್ಪತ್ತೈದು. ಲ್ಯೂಕಸ್ ಬದುಕಿದ್ದರೆ ಐವತ್ತಮೂರು ಆಗಿರುತ್ತಿತ್ತು. ಮುಂದೆ ಏಡ್ರಿಯನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ, ಟ್ರಿನಿಟಿಯ ಮುಖ್ಯಸ್ಥನಾದ, ಲಾರ್ಡ್ ಪದವಿಯೂ ಬಂತು. ಆದರೆ ಫಾಸ್ಟರನಂತೆ ಶಿಷ್ಯರ ಪಡೆಯನ್ನು ಕಟ್ಟಲಿಲ್ಲ. ಒಬ್ಬನೇ, ಇಲ್ಲವೇ ಒಬ್ಬ ಜೊತೆಗಾರನೊಂದಿಗೆ ಕೆಲಸ ಮಾಡುವುದೇ ಅವನಿಗೆ ಒಗ್ಗಿದ್ದು. ನೆಲಮಾಳಿಗೆಯಲ್ಲಿ ಅವನು ಕಂಡದ್ದೂ ಅದನ್ನೇ ಅಲ್ಲವೇ.

1930ರ ದಶಕದ ಆರಂಭದಲ್ಲಿ ಟ್ರಿನಿಟಿಯ ವಿದ್ಯಾರ್ಥಿಯೊಬ್ಬ ಲ್ಯೂಕಸ್‌ನ ತೆಳ್ಳನೆಯ ಪುಸ್ತಕವನ್ನು ಓದಿದ. ಅವನ ಹೆಸರು ಆಲನ್ ಹಾಜ್ಕಿನ್. ಅವನು ನಾಲ್ಕು ವರ್ಷದ ಮಗುವಾಗಿದ್ದಾಗ, 1918ರಲ್ಲಿ, ತಂದೆ ಬಾಗ್ದಾದಿನಲ್ಲಿ ಕಾಯಿಲೆ ಬಿದ್ದು ಸತ್ತಿದ್ದ. ಆ ತಂದೆ ಲ್ಯೂಕಸ್‌ನ ಗೆಳೆಯನಾಗಿದ್ದ. ಪುಸ್ತಕವನ್ನು ಮಗ ಕೈಗೆತ್ತಿಕೊಳ್ಳಲು ಅದೂ ಒಂದು ಕಾರಣವಾಗಿತ್ತು. ಓದಿದ ಮೇಲೆ ಹಾಜ್ಕಿನ್ ಒಂದು ಕಪ್ಪೆಯ ನರವನ್ನು ತೆಗೆದುಕೊಂಡು, ಅದರ ಒಂದು ಚಿಕ್ಕ ಭಾಗವನ್ನು ಈ ಸಲ ಆಲ್ಕೊಹಾಲಿನಿಂದಲ್ಲ, ತಣ್ಪಿನಿಂದ ತಡೆದು, ತಡೆಯ ಆಚೆಗೆ ಏನಾದರೂ ದಾಟಿ ಬರುತ್ತದೆಯೇ ಎಂದು ನೋಡತೊಡಗಿದ.